ನನ್ನ ಹೆಸರಿನ ಸಂಬಳ

ಸೆಂಡಾಯ್
೨೦ ಜೂನ್ ೨೦೨೧

ಇಂದಿರತ್ತೆಗೆ ನಮಸ್ಕಾರ.

ನಾನು ಪ್ರಣತಿ, ದಾವಣಗೆರೆಯಲ್ಲಿರುವ ನಿಮ್ಮ ಅಣ್ಣ ಭೀಮಸೇನರಾಯರ ಮಗಳು. ನೀವು ನನ್ನನ್ನು ನೋಡಿದ್ದು ನಾನು ತೊಟ್ಟಿಲಲ್ಲಿದ್ದಾಗ ಮಾತ್ರ ಎಂದು ಕಮಲತ್ತೆ ಹೇಳುತ್ತಾರೆ. ನಿಮ್ಮ ಕೋಬೆಯ ವಿಳಾಸ ಕೊಟ್ಟವರೂ ಅವರೇ. ಫೋನ್ ನಂಬರ್ ಅವರ ಬಳಿಯೂ ಇರಲಿಲ್ಲ. ನೀವಿಬ್ಬರೂ ಮಾತು ಬಿಟ್ಟಿದ್ದೀರೆಂದು ಬಲ್ಲೆ; ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ನಾನು ಇಲ್ಲಿಗೆ ಬಂದು ಎರಡು ವರ್ಷವಾಗುತ್ತ ಬಂತು. ಸುನಾಮಿಯಲ್ಲಿ ಸಮುದ್ರದ ಉಪ್ಪು ನುಗ್ಗಿದ ಗದ್ದೆಗಳ ಮಣ್ಣಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಕಳೆದ ವರ್ಷದ ಮೊದಲ ನಾಲ್ಕು ತಿಂಗಳು ಕೈಖರ್ಚಿಗೆಂದು ಊರಾಚೆಯ ಒಂದು ಬೆಂತೋ ಕಾರ್ಖಾನೆಯಲ್ಲಿ ಡಬ್ಬಿಗೆ ಅನ್ನ ತುಂಬುವ ಕೆಲಸ ಮಾಡಿದೆ. ಕೆಲಸ ಕೊಡಿಸಿದ್ದು ಕುರೋಡಾ ಎಂಬ ಮಧ್ಯವರ್ತಿ; ಆಗ ನನ್ನ ಗುರುತಿನ ರೆಸಿಡೆನ್ಸ್ ಕಾರ್ಡಿನ ನಕಲು ಇಟ್ಟುಕೊಂಡಿದ್ದ. ಕೊರೊನಾ ಶುರುವಾಗಿ, ಏಪ್ರಿಲ್ ಕೊನೆಗೆ ಲ್ಯಾಬಿನಿಂದಲೇ ಸ್ವಲ್ಪ ಹಣ ಸಿಗುವಂತಾದಾಗ ಬಿಟ್ಟೆ.

ಮೊನ್ನೆ ಇಲ್ಲಿನ ನಗರಸಭೆಯ ವಾರ್ಡ್ ಆಫೀಸಿನಿಂದ ತೆರಿಗೆಯ ಕಾಗದ ಬಂತು. ಅದರ ಪ್ರಕಾರ ನಾನು ಕಳೆದ ವರ್ಷ ಪೂರ್ತಿ ಆ ಕಾರ್ಖಾನೆಯಲ್ಲಿ ದುಡಿದಿದ್ದೇನೆ. ಅದೂ ವಿದ್ಯಾರ್ಥಿಗಳಿಗೆ ವಾರಕ್ಕೆ ಬಿಟ್ಟಿರುವ ಇಪ್ಪತ್ತೆಂಟು ಗಂಟೆಯಲ್ಲ. ಅದರ ಎರಡರಷ್ಟು ದುಡಿದರೆ ಬರುವ ಸಂಬಳ. ತಪ್ಪಾಗಿರಬೇಕು ಎಂದು ಕೌಂಟರಿನಲ್ಲಿ ಕೇಳಿದೆ. ಕಂಪನಿಯನ್ನೇ ವಿಚಾರಿಸಿ ಎಂದರು. ಕುರೋಡಾ-ಸಾನ್‌ಗೆ ಫೋನ್ ಮಾಡಿದೆ. ಆತ ಸಿಟ್ಟಾಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಕಟ್ಟಿಬಿಡಿ ಪ್ರಣತಿ-ಸಾನ್. ದುಡ್ಡು ನಾನು ಕಳಿಸ್ತೀನಿ. ಆಫೀಸು ಗೀಫೀಸು ಅಂತ ಓಡಾಡಿ ತೊಂದ್ರೆ ತಗೋಬೇಡಿ," ಎಂದ.

ಮರುದಿನ ಬೆಳಿಗ್ಗೆ ಬಾಗಿಲಿನ ಕಿಂಡಿಯೊಳಗೆ ಒಂದು ಕವರ್ ಬಿದ್ದಿತ್ತು. ಒಳಗೆ ನೋಟುಗಳು. ಅಂಚೆಚೀಟಿ ಇರಲಿಲ್ಲ. ಅತ್ತೆ, ನಾನು ಈ ಮನೆಗೆ ಬಂದದ್ದು ಹೋದ ಚಳಿಗಾಲದಲ್ಲಿ. ಇಲ್ಲಿನ ವಿಳಾಸವನ್ನು ನಾನು ಆತನಿಗೆ ಕೊಟ್ಟೇ ಇಲ್ಲ.

ನೀವು ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ನೋಡುತ್ತೀರಿ ಎಂದು ಕಮಲತ್ತೆ ಹೇಳಿದರು. ಬೇರೆ ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಪ್ರಣತಿ


ಕೋಬೆ
೨೬ ಜೂನ್ ೨೦೨೧

ಪ್ರಣತಿ,

ಕವರಿನ ಮೇಲೆ ನಿನ್ನ ಅಪ್ಪನ ಅಕ್ಷರದಂಥದೇ ಅಕ್ಷರ ಕಂಡು ಒಡೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದಿರಲಿ.

ಆ ಹಣವನ್ನು ಮುಟ್ಟಬೇಡ, ವಾಪಸ್ಸೂ ಮಾಡಬೇಡ. ಹಾಗೇ ಎತ್ತಿಡು.

ಇಲ್ಲಿ ಸಂಬಳ ಕೊಡುವವರು ತೆರಿಗೆ ಮುರಿದುಕೊಂಡೇ ಕೊಡಬೇಕು. ಕೆಲಸಗಾರ ವಿದ್ಯಾರ್ಥಿಯಾದರೂ ಅಷ್ಟೆ. ವರ್ಷ ಮುಗಿದ ಮೇಲೆ ಯಾರಿಗೆ ಎಷ್ಟು ಕೊಟ್ಟೆವೆಂದು ಆ ಮನುಷ್ಯ ಇರುವ ಊರಿನ ಆಫೀಸಿಗೆ ತಿಳಿಸಬೇಕು. ಅದನ್ನು ನೋಡಿ ಆ ಊರಿನವರು ತಮ್ಮ ಬೇರೆ ತೆರಿಗೆ ಹಾಕಿ ಜೂನಿನಲ್ಲಿ ಕಾಗದ ಕಳಿಸುತ್ತಾರೆ. ನಿನ್ನ ಕಾರ್ಖಾನೆಯವರು ಇಷ್ಟನ್ನೂ ಮಾಡಿದ್ದಾರೆ. ಅಂದರೆ ಅವರು ನಿಜವಾಗಿ ಯಾರಿಗೋ ಸಂಬಳ ಕೊಟ್ಟಿದ್ದಾರೆ, ತೆರಿಗೆ ಹಿಡಿದಿದ್ದಾರೆ, ಆ ಮನುಷ್ಯ ನೀನು ಎಂದು ಬರೆದಿದ್ದಾರೆ. ಕೆಲಸಗಾರನೇ ಇಲ್ಲದೆ ಲೆಕ್ಕದ ಯಂತ್ರ ಎಂಟು ತಿಂಗಳು ಸಂಬಳ ಹಾಕುವುದಿಲ್ಲ. ನಿನ್ನ ಜಾಗದಲ್ಲಿ ಯಾರೋ ನಿಂತು ಅನ್ನ ತುಂಬುತ್ತಿದ್ದಾರೆ.

ನಿನ್ನ ವೀಸಾ ಯಾವಾಗ ಮುಗಿಯುತ್ತದೆ? ನವೀಕರಣಕ್ಕೆ ಹೋದಾಗ ಇಮಿಗ್ರೇಷನ್‌ನವರು ಆದಾಯದ ಪತ್ರ ಕೇಳಬಹುದು. ಇಷ್ಟು ಸಂಬಳ ನೋಡಿದರೆ, ಓದಲು ಬಂದವಳು ಓದುವುದು ಬಿಟ್ಟು ದುಡಿದಳು ಎಂದೇ ಅವರು ತಿಳಿಯುತ್ತಾರೆ. ಈಗ ನೀನು ತೆರಿಗೆ ಕಟ್ಟಿದರೆ ಅದನ್ನು ಒಪ್ಪಿಕೊಂಡ ಹಾಗೆ. ಅದಕ್ಕೇ ಆತ ಹಣ ಕಳಿಸಿದ್ದು.

ಕಾರ್ಖಾನೆಯಿಂದ ತಿಂಗಳುವಾರು ವಿವರ ಕೇಳು. ಫೋನಿನಲ್ಲಿ ಮಾತಾಡೋಣ ಎನ್ನಬೇಡ; ನನಗೆ ಬಲಗಿವಿ ಪೂರ್ತಿ ಕೇಳಿಸದು, ಎಡಗಿವಿ ಅರ್ಧ. ಕಾಗದದಲ್ಲಿ ಎಲ್ಲ ಕೇಳಿಸುತ್ತದೆ.

ಇಂದಿರಾ


ಸೆಂಡಾಯ್
೧೮ ಜುಲೈ ೨೦೨೧

ಅತ್ತೆ,

ವೀಸಾ ಬರುವ ಮಾರ್ಚಿಗೆ ಮುಗಿಯುತ್ತದೆ.

ಕಾರ್ಖಾನೆಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಶುಕ್ರವಾರ ಬಸ್ಸು ಹಿಡಿದು ಹೋದೆ. ಗೇಟಿನಲ್ಲಿದ್ದ ಮುದುಕ ನಾನು ಹೇಳಿದ ಹೆಸರು ಕೇಳಿ, ಕಂಪ್ಯೂಟರ್ ನೋಡಿ, ಗೊಂದಲದಿಂದ ತಲೆಬಾಗಿಸಿದ. "ಸುಮಿಮಾಸೆನ್, ಕ್ಷಮಿಸಿ, ಪ್ರಣತಿ-ಸಾನ್ ಬೆಳಗ್ಗೆನೇ ಒಳಗೆ ಹೋಗಿದ್ದಾರಲ್ಲ," ಎಂದ.

ನಾನು ಅವಳ ಅಕ್ಕ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಆತ ನನ್ನನ್ನು ಕಾರಿಡಾರಿನ ಗಾಜಿನ ಹತ್ತಿರ ನಿಲ್ಲಿಸಿದ. ಆಚೆ ಸಾಲಾಗಿ ಹೆಂಗಸರು. ಎಲ್ಲರಿಗೂ ಬಿಳಿ ಅಂಗಿ, ಬಿಳಿ ಟೊಪ್ಪಿ, ಬಿಳಿ ಮಾಸ್ಕ್. ಕಾಣುವುದು ಕಣ್ಣು ಮಾತ್ರ. ನಾನೂ ಅಲ್ಲಿ ಹಾಗೇ ನಿಂತಿದ್ದವಳು, ಅಕ್ಕಪಕ್ಕದವರ ಮುಖ ನನಗೂ ಗೊತ್ತಿರಲಿಲ್ಲ. ಮೇಲ್ವಿಚಾರಕ ಸ್ಪೀಕರಿನಲ್ಲಿ "ಪ್ರಣತಿ-ಸಾನ್" ಎಂದು ಕೂಗಿದ. ನಾನು ಗಾಜಿನ ಈಚೆ ತಿರುಗಿದೆ. ಆಚೆ ಸಾಲಿನ ನಡುವಿನಿಂದ ಒಬ್ಬಳು ತಲೆಯೆತ್ತಿದಳು.

ಸಣ್ಣ ಆಳು. ಕಣ್ಣು ನಮ್ಮ ಕಡೆಯವರ ಹಾಗಿತ್ತು. ನನ್ನನ್ನು ನೋಡಿದಳು, ನಾನು ಯಾರೆಂದು ಅವಳಿಗೆ ತಿಳಿದಿರಲಾರದು. ಆಮೇಲೆ ಡಬ್ಬಿಗಳ ಕಡೆ ಬಗ್ಗಿದಳು. ನಾನು ಯಾರಿಗೂ ಏನೂ ಹೇಳದೆ ಹೊರಗೆ ಬಂದುಬಿಟ್ಟೆ.

ಮನೆ ಮುಟ್ಟುವ ಮೊದಲೇ ಕುರೋಡಾ ಫೋನ್ ಮಾಡಿದ. ನಿಮಗೆ ತಂಗಿ ಇಲ್ಲವಲ್ಲ ಎಂದು ನಕ್ಕ. ನನ್ನ ಪ್ರೊಫೆಸರ್ ಹೆಸರು, ಲ್ಯಾಬ್ ಯಾವ ಮಹಡಿಯಲ್ಲಿದೆ ಎಂಬುದನ್ನೂ ಮಾತಿನ ನಡುವೆ ಹೇಳಿದ. ಬೆದರಿಕೆಯ ಒಂದು ಮಾತೂ ಇರಲಿಲ್ಲ.

ಪ್ರಣತಿ


ಕೋಬೆ
೨೩ ಜುಲೈ ೨೦೨೧

ಪ್ರಣತಿ,

ಇನ್ನು ಅಲ್ಲಿಗೆ ಒಬ್ಬಳೇ ಹೋಗಬೇಡ. ಬಾಗಿಲಿಗೆ ಸರಪಳಿ ಹಾಕಿಕೋ. ನಿನ್ನ ಪ್ರೊಫೆಸರಿಗೆ ಎಲ್ಲ ತಿಳಿಸು. ಕುರೋಡಾನಿಂದ ಕೇಳುವ ಮೊದಲು ನಿನ್ನ ಬಾಯಿಂದ ಕೇಳಲಿ.

ಇದರ ಜೊತೆ ಜಪಾನಿಯಲ್ಲಿ ಒಂದು ಅರ್ಜಿ ಬರೆದು ಇಟ್ಟಿದ್ದೇನೆ. ಮೇ ತಿಂಗಳಿನಿಂದ ನೀನು ಆ ಕಾರ್ಖಾನೆಗೆ ಕಾಲಿಟ್ಟಿಲ್ಲ, ಆ ಸಂಬಳ ನಿನ್ನದಲ್ಲ ಎಂದು ಅದರಲ್ಲಿದೆ. ಲ್ಯಾಬಿನ ಹಾಜರಿ ಸೇರಿಸಿ ವಾರ್ಡ್ ಆಫೀಸಿಗೂ ತೆರಿಗೆ ಕಚೇರಿಗೂ ಕೊಡು. ಗಾಜಿನ ಆಚೆ ಇದ್ದವಳ ಬಗ್ಗೆ ಅಯ್ಯೋ ಅನ್ನಿಸಬಹುದು. ಅದನ್ನು ಆಮೇಲೆ ನೋಡೋಣ. ಮೊದಲು ನಿನ್ನ ಹೆಸರು ನಿನ್ನ ಕೈಗೆ ಬರಲಿ.

ನಾನೇ ಬರುತ್ತಿದ್ದೆ. ಊರಿಂದ ಊರಿಗೆ ಹೋಗಬೇಡಿ ಎಂದು ಆಫೀಸಿನಲ್ಲಿ ಸಹಿ ಹಾಕಿಸಿಕೊಂಡಿದ್ದಾರೆ.

ಇಂದಿರಾ


ಸೆಂಡಾಯ್
೨೪ ಆಗಸ್ಟ್ ೨೦೨೧

ಅತ್ತೆ,

ಇದನ್ನು ಓದಿದ ಮೇಲೆ ನೀವು ನನಗೆ ಬರೆಯುವುದಿಲ್ಲವೇನೋ. ಆದರೂ ಬರೆಯುತ್ತಿದ್ದೇನೆ.

ಅರ್ಜಿ ಕೊಟ್ಟಿದ್ದೆ. ವಾರ್ಡ್ ಆಫೀಸಿನ ಸಾತೋ-ಸಾನ್ ಎಂಬ ಹೆಂಗಸು ಗಮನವಿಟ್ಟು ಓದಿ, ಕಾರ್ಖಾನೆಯನ್ನು ವಿಚಾರಿಸುವುದಾಗಿ ಹೇಳಿದ್ದರು. ಎಲ್ಲ ಸರಿಯಾಗುತ್ತದೆ ಅನ್ನಿಸಿತ್ತು.

ಶುಕ್ರವಾರ ಸಂಜೆ ಲ್ಯಾಬಿನಲ್ಲಿದ್ದಾಗ ಆರೋಗ್ಯ ಕೇಂದ್ರದಿಂದ ಫೋನ್ ಬಂತು. ಪ್ರಣತಿ-ಸಾನ್ ತಾನೇ ಎಂದು ಕೇಳಿ, ಹುಟ್ಟಿದ ದಿನಾಂಕ ಓದಿದರು. ಎರಡೂ ನನ್ನವೇ. ಕಾರ್ಖಾನೆಯಲ್ಲಿ ನಡೆದ ಸಾಮೂಹಿಕ ಪರೀಕ್ಷೆಯಲ್ಲಿ ನಿಮಗೆ ಸೋಂಕು ಬಂದಿದೆ, ಕಂಪನಿಯ ಹಾಸ್ಟೆಲಿನಲ್ಲಿದ್ದೀರಿ, ನಿಮಗೆ ಏಳಲು ಆಗುತ್ತಿಲ್ಲವೆಂದು ಜೊತೆಗಿರುವವರು ನಿನ್ನೆ ತಿಳಿಸಿದರು, ಆಮೇಲೆ ಸಂಪರ್ಕವೇ ಸಿಕ್ಕಿಲ್ಲ ಎಂದರು. ಕಾರ್ಖಾನೆಯ ದಾಖಲೆಯಲ್ಲಿ ನಾನು ಆಗ ಕೊಟ್ಟಿದ್ದ ನನ್ನ ಫೋನ್ ನಂಬರ್ ಹಾಗೇ ಉಳಿದುಬಿಟ್ಟಿತ್ತು.

ಅದು ನಾನಲ್ಲ, ಆ ಹಾಸ್ಟೆಲಿಗೇ ಹೋಗಿ ನೋಡಿ ಎಂದೆ. ಆಕೆ ದಣಿದಿದ್ದರು, ಪಾಪ. ಹಿಂದಿನಿಂದ ಹತ್ತು ಫೋನ್ ಬಡಿದುಕೊಳ್ಳುವುದು ಕೇಳುತ್ತಿತ್ತು. ಆಂಬುಲೆನ್ಸುಗಳು ಸಾಲದು, ಹಾಸಿಗೆಗಳು ಸಾಲದು. ವ್ಯಕ್ತಿ ಯಾರೆಂದೇ ಗೊತ್ತಿಲ್ಲದಿದ್ದರೆ ಕಂಪನಿಯಿಂದ ಮತ್ತೆ ವಿವರ ತರಿಸಬೇಕು, ಕಂಪನಿಯ ಆಫೀಸು ಮುಚ್ಚಿದೆ, ಸೋಮವಾರ ಆಗುತ್ತದೆ ಎಂದರು. ಮತ್ತೆ ಕೇಳಿದರು:

"ನೀವು ಪ್ರಣತಿ-ಸಾನ್ ಹೌದಾ ಅಲ್ವಾ? ಹೌದಾದ್ರೆ ಉಸಿರಾಡೋಕೆ ಆಗ್ತಿದೆಯಾ?"

"ಹೌದು, ನಾನೇ. ಜ್ವರದಲ್ಲಿ ಏನೇನೋ ಅಂದೆ. ಉಸಿರಾಡೋಕೆ ಆಗ್ತಿಲ್ಲ. ಬೇಗ ಬನ್ನಿ," ಎಂದೆ.

ಈ ಮಾತು ರೆಕಾರ್ಡ್ ಆಗುತ್ತದೆ ಎಂದು ಮೊದಲೇ ಹೇಳಿದ್ದರು. ಅಂದು ರಾತ್ರಿಯೇ ಅವಳನ್ನು ಆಸ್ಪತ್ರೆಗೆ ಸಾಗಿಸಿದರಂತೆ.

ಪ್ರಣತಿ


ಕೋಬೆ
೨೯ ಆಗಸ್ಟ್ ೨೦೨೧

ಪ್ರಣತಿ,

ನಿನ್ನ ಪತ್ರ ಓದಿ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದೆ. ಅಷ್ಟು ಸಿಟ್ಟು.

ನಾನು ಬರೆದುಕೊಟ್ಟ ಅರ್ಜಿಗೆ ಈಗ ಬೆಲೆಯಿಲ್ಲ. ಆ ಕಾರ್ಖಾನೆಯಲ್ಲಿ ದುಡಿಯುವವಳು, ಆ ಹಾಸ್ಟೆಲಿನಲ್ಲಿ ಮಲಗಿರುವವಳು ನಾನೇ ಎಂದು ಸರ್ಕಾರಿ ಆಫೀಸಿಗೆ ನಿನ್ನ ಬಾಯಾರೆ ಹೇಳಿದ್ದೀಯ. ನಾಳೆ ಕುರೋಡಾ ಅದನ್ನೇ ಹಿಡಿದು ನಿಲ್ಲುತ್ತಾನೆ. ಇಮಿಗ್ರೇಷನ್‌ನವರ ಮುಂದೆ ನೀನು ಯಾವ ಬಾಯಲ್ಲಿ ಅಲ್ಲವೆನ್ನುತ್ತೀಯ?

ಇಷ್ಟು ಬರೆದು ಎರಡು ದಿನ ಬಿಟ್ಟೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಸೋಮವಾರ ಆಗಲಿ ಎನ್ನುತ್ತಿದ್ದೆ. ಅದಕ್ಕೇ ಸಿಟ್ಟು ಬಂತೇನೋ.

ಅವಳ ಸ್ಥಿತಿ ಹೇಗಿದೆ? ಅವಳ ಹೆಸರೇನು? ಅದು ಯಾರಿಗೂ ಗೊತ್ತಿಲ್ಲವಲ್ಲ. ಹೇಗಾದರೂ ಮಾಡಿ ಕೇಳಿ ತಿಳಿದುಕೋ.

ಇಂದಿರತ್ತೆ


ಸೆಂಡಾಯ್
೫ ಸೆಪ್ಟೆಂಬರ್ ೨೦೨೧

ಅತ್ತೆ,

ಅವಳ ಹೆಸರು ಬಿಮಲಾ. ನೇಪಾಳದ ಪೊಖರಾದವಳು. ನನಗಿಂತ ಎರಡು ವರ್ಷ ಚಿಕ್ಕವಳು.

ಆಸ್ಪತ್ರೆಯ ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ. ಗೆಳತಿ ಎಂದು ಹೇಳಿ ದಿನವೂ ಫೋನ್ ಮಾಡಿದೆ. ಗುರುವಾರ ಒಬ್ಬ ನರ್ಸ್ ಕನಿಕರದಿಂದ ಅವಳ ಕಿವಿಯ ಬಳಿ ಫೋನ್ ಹಿಡಿದಳು. ನಾವು ಹಿಂದಿಯಲ್ಲಿ ಮಾತಾಡಿದೆವು. ಯಾರು ಎಂದಳು. ಪ್ರಣತಿ ಎಂದೆ.

ಆಮ್ಲಜನಕದ ಸದ್ದಿನ ನಡುವೆ ತುಂಡು ತುಂಡಾಗಿ ಹೇಳಿದಳು. ಜಪಾನಿ ಕಲಿಯಲು ಬಂದಿದ್ದಳಂತೆ. ಕೊರೊನಾದಲ್ಲಿ ಸಂಜೆಯ ಹೋಟೆಲ್ ಕೆಲಸ ಹೋಯಿತು, ಫೀಸು ಕಟ್ಟಲಾಗಲಿಲ್ಲ, ಶಾಲೆಯವರು ತೆಗೆದರು, ವೀಸಾ ಮುಗಿಯಿತು. ವಿಮಾನಗಳೂ ನಿಂತಿದ್ದವು. ಆಗ ಕುರೋಡಾ ಸಿಕ್ಕಿ, ಒಂದು ಒಳ್ಳೆಯ ಹೆಸರು ಖಾಲಿ ಇದೆ ಎಂದನಂತೆ. ಹಾಗೇ ಅಂದನಂತೆ, ಬಾಡಿಗೆ ಕೋಣೆಯ ವಿಷಯ ಹೇಳುವಂತೆ. ಸಂಬಳದ ಅರ್ಧ ಅವನು ಇಟ್ಟುಕೊಳ್ಳುತ್ತಿದ್ದ. ಆ ಹೆಸರಿನವಳು ದೇಶಕ್ಕೆ ವಾಪಸ್ಸು ಹೋದಳು, ಇನ್ನು ಬರುವುದಿಲ್ಲ ಎಂದು ಇವಳಿಗೆ ಹೇಳಿದ್ದ.

"ದೀದಿ, ಟ್ಯಾಕ್ಸ್ ತಿಂಗಳಾ ತಿಂಗಳಾ ನನ್ನ ಸಂಬಳದಲ್ಲೇ ಮುರ್ಕೊಂಡಿದಾರೆ. ನಿಮ್ಮ ಹೆಸರಿಗೆ ನಾನು ಕೆಟ್ಟದ್ದು ತಂದಿಲ್ಲ," ಎಂದಳು.

ಇಲ್ಲ, ತಂದಿಲ್ಲ ಎಂದೆ. ಮನೆಗೆ ತಿಳಿಸಲಾ ಎಂದು ಕೇಳಿದೆ. ಬೇಡ, ಗುಣವಾದ ಮೇಲೆ ತಾನೇ ಹೇಳುತ್ತೇನೆ ಎಂದಳು. ಅಷ್ಟರಲ್ಲಿ ನರ್ಸ್ ಫೋನ್ ತೆಗೆದುಕೊಂಡಳು. ಅವಳನ್ನು 'ಪ್ರಣತಿ-ಸಾನ್, ಇನ್ನು ಸಾಕು, ಮಲಗಿ' ಎಂದು ಸಮಾಧಾನ ಮಾಡುವುದು ನನಗೆ ಕೇಳಿಸಿತು.

ಪ್ರಣತಿ


ಸೆಂಡಾಯ್
೧೧ ಸೆಪ್ಟೆಂಬರ್ ೨೦೨೧

ಅತ್ತೆ,

ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಬಿಮಲಾ ನಿನ್ನೆ ಮಧ್ಯಾಹ್ನ ತೀರಿಕೊಂಡಳು.

ಆಸ್ಪತ್ರೆಯವರು ನನ್ನ ನಂಬರಿಗೇ ಫೋನ್ ಮಾಡಿ, ಪ್ರಣತಿ-ಸಾನ್ ಹೋಗಿಬಿಟ್ಟರು, ನೀವು ಅವರ ಗೆಳತಿಯಲ್ಲವೇ, ಭಾರತದಲ್ಲಿರುವ ಅವರ ತಂದೆಗೆ ತಿಳಿಸಬೇಕು, ದೂತಾವಾಸಕ್ಕೂ ಬರೆಯುತ್ತೇವೆ ಎಂದರು. ಸೋಮವಾರದವರೆಗೆ ತಡೆಯಿರಿ, ನಾನೇ ಬರುತ್ತೇನೆ ಎಂದು ಬೇಡಿಕೊಂಡೆ.

ಸಂಜೆ ಕುರೋಡಾ ನನ್ನ ಕಟ್ಟಡದ ಕೆಳಗೆ, ರಾತ್ರಿಯಿಡೀ ತೆರೆದಿರುವ ಕೊಂಬಿನಿ ಅಂಗಡಿಯ ಬೆಳಕಿನಲ್ಲಿ ನಿಂತಿದ್ದ. ಬಹಳ ಮರ್ಯಾದೆಯಿಂದ ಮಾತಾಡಿದ. ಸತ್ತವಳನ್ನು ಮತ್ತೆ ಕರೆತರಲಾಗದು. ದಹನ ಒಂದು ಆಗಿಬಿಡಲಿ, ಆಸ್ಪತ್ರೆಯ ಕಾಗದದಲ್ಲಿ ಹೆಸರಿನ ಗೊಂದಲವನ್ನು ತಾನು ಸರಿಮಾಡಿಸುತ್ತೇನೆ, ತೆರಿಗೆಯನ್ನೂ ಕಟ್ಟುತ್ತೇನೆ. ನೀವು ಬಾಯಿ ಬಿಟ್ಟರೆ ಆರೋಗ್ಯ ಕೇಂದ್ರಕ್ಕೆ ಸುಳ್ಳು ಹೇಳಿದ ಅಪರಾಧ ನಿಮ್ಮದೇ, ಡಿಗ್ರಿಯೂ ಇಲ್ಲ ವೀಸಾವೂ ಇಲ್ಲ ಎಂದ.

ಅವನು ಹೇಳಿದ್ದರಲ್ಲಿ ಕೊನೆಯ ಮಾತು ನಿಜ ಅತ್ತೆ. ನನಗೆ ಹೆದರಿಕೆಯಾಗಿದೆ. ನೀವು ಸುಮ್ಮನಿರು ಎಂದರೆ ಸುಮ್ಮನಿದ್ದುಬಿಡುತ್ತೇನೇನೋ. ಆದರೆ ಪೊಖರಾದಲ್ಲಿ ಅವಳಮ್ಮ ಫೋನಿಗೆ ಕಾಯುತ್ತಲೇ ಇರುತ್ತಾರೆ.

ಪ್ರಣತಿ


ಸೆಂಡಾಯ್
೭ ನವೆಂಬರ್ ೨೦೨೧

ಪ್ರೀತಿಯ ಅತ್ತೆ,

ನೀವು ಹೋದ ಮೇಲೆ ಬರೆಯಬೇಕೆಂದು ಕೂತಾಗಲೆಲ್ಲ, ತುರ್ತು ಕಾಗದ ಕಂಡು ನೀವು ಓಡಿಬಂದ ಆ ಸೋಮವಾರವೇ ಕಣ್ಣಿಗೆ ಕಟ್ಟುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಬೂದು ಕೋಟು ತೊಟ್ಟು ನಿಂತ ಹೆಂಗಸಿನ ಹುಬ್ಬು ಥೇಟ್ ಅಪ್ಪನ ಹುಬ್ಬಿನ ಹಾಗಿದ್ದದ್ದರಿಂದ ಗುರುತು ಕೇಳಬೇಕಾಗಲಿಲ್ಲ. ನೀವು ನನ್ನ ಬಲಗಡೆಗೆ ಬಂದು, ಕೇಳಿಸುವ ಕಿವಿಯನ್ನು ನನ್ನ ಕಡೆ ಮಾಡಿ ನಡೆದಿರಿ. ಒಳಗೆ ಆಸ್ಪತ್ರೆಯ ಅಧಿಕಾರಿಗೆ, ಸತ್ತವಳು ನಾನಲ್ಲ, ನಾನು ಸುಳ್ಳು ಹೇಳಿದೆ, ಅವಳು ಬಿಮಲಾ ಎಂದು ಹೇಳುವಾಗ ನನ್ನ ದನಿ ಹೊರಡಲಿಲ್ಲ. ನೀವು, ನನಗೆ ಕೇಳಿಸಲಿಲ್ಲ, ಜೋರಾಗಿ ಹೇಳು ಎಂದಿರಿ.

ಆಮೇಲಿನದು ಹೀಗೆ. ಪೊಲೀಸರು ಮೂರು ಸಲ ಕರೆಸಿದರು. ಪ್ರೊಫೆಸರ್ ಪ್ರತಿ ಸಲವೂ ಜೊತೆಗೆ ಬಂದು ಹೊರಗೆ ಕೂತಿದ್ದರು. ಕುರೋಡಾನ ಫೋನ್ ಆ ವಾರವೇ ಸತ್ತುಹೋಯಿತು, ಅವನ ಆಫೀಸಿದ್ದ ಕೋಣೆ ಖಾಲಿ. ಅವನ ಕವರನ್ನು ಪೊಲೀಸರಿಗೆ ಕೊಟ್ಟೆ. ಕಾರ್ಖಾನೆಯವರು ಆಳವಾಗಿ ತಲೆಬಾಗಿಸಿ, ಕಾರ್ಡ್ ತೋರಿಸಿದ್ದರು, ನಾವು ನಂಬಿದೆವು ಎಂದರು. ಸಾತೋ-ಸಾನ್ ತೆರಿಗೆಯನ್ನು ನಾಲ್ಕು ತಿಂಗಳಿಗೆ ಇಳಿಸಿ ಹೊಸ ಕಾಗದ ಕಳಿಸಿದ್ದಾರೆ. ನನಗೆ ಹೊಸ ರೆಸಿಡೆನ್ಸ್ ಕಾರ್ಡ್ ಕೊಡುತ್ತಾರಂತೆ. ವೀಸಾದ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ.

ಬಿಮಲಾಳ ಅಸ್ಥಿಯನ್ನು ಅವಳ ಸೋದರಮಾವನೊಬ್ಬ ತೆಗೆದುಕೊಂಡು ಹೋದ. ಪೆಟ್ಟಿಗೆಯ ಮೇಲೆ ಅವಳ ಹೆಸರನ್ನೇ ಬರೆದಿದ್ದರು. ನಾನು ಎರಡು ಸಲ ಓದಿ ನೋಡಿದೆ.

ಅಪ್ಪನಿಗೆ ನೀವು ಬಂದಿದ್ದನ್ನು ಹೇಳಿದೆ. ಕೋಬೆಯಲ್ಲಿ ಚಳಿ ಶುರುವಾಯಿತಾ ಎಂದು ಕೇಳಿದರು.

ನಿಮ್ಮ
ಪ್ರಣತಿ


ಸೆಂಡಾಯ್
೧೨ ಫೆಬ್ರವರಿ ೨೦೨೨

ಪ್ರೀತಿಯ ಅತ್ತೆ,

ವೀಸಾ ಆರು ತಿಂಗಳಿಗೆ ಸಿಕ್ಕಿತು. ಪ್ರಬಂಧ ಮುಗಿಸಲು ಅಷ್ಟು ಸಾಕು. ಕೌಂಟರಿನಲ್ಲಿದ್ದವರು ಕಾರ್ಡ್ ಕೊಡುವಾಗ, ಆಗಸ್ಟಿನ ಆ ಫೋನ್ ಕರೆಯ ವಿಷಯ ನಿಮ್ಮ ಕಡತದಲ್ಲೇ ಇರುತ್ತದೆ ಎಂದು ಮೆಲ್ಲಗೆ ಹೇಳಿದರು. ಇರಲಿ ಎಂದುಕೊಂಡೆ. ಆ ಸಂತೋಷವನ್ನು ಬರೆಯಲೆಂದೇ ಕಾಗದ ತೆಗೆದಿಟ್ಟಿದ್ದೆ.

ಮೊನ್ನೆ ಬೆಳಿಗ್ಗೆ ಸಾತೋ-ಸಾನ್ ಫೋನ್ ಮಾಡಿದರು. ಕಂಪನಿಗಳು ಹೋದ ವರ್ಷದ ಸಂಬಳದ ವಿವರ ಕಳಿಸುವ ಸಮಯವಲ್ಲವೇ ಇದು. ನನ್ನ ಹೆಸರಿಗೆ ಲ್ಯಾಬಿನದು ಬಂದಿದೆಯಂತೆ. ಇನ್ನೊಂದು ನಗೋಯಾ ಕಡೆಯಿಂದ ಬಂದಿದೆಯಂತೆ, ಕಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಿಂದ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸಂಬಳ ಕೊಟ್ಟು ತೆರಿಗೆ ಹಿಡಿದಿದ್ದಾರೆ. ಹೆಸರು ನನ್ನದು, ಹುಟ್ಟಿದ ದಿನ ನನ್ನದು, ಹಳೆಯ ಕಾರ್ಡಿನ ಸಂಖ್ಯೆ.

ಬಿಮಲಾ ತೀರಿಕೊಂಡದ್ದು ಸೆಪ್ಟೆಂಬರಿನಲ್ಲಿ.

ಈ ಸಲ ಗಾಬರಿಯಾಗಬೇಡಿ, ನಿಮ್ಮ ಅರ್ಜಿ ನಮ್ಮಲ್ಲೇ ಇದೆ, ಪೊಲೀಸರಿಗೆ ತಿಳಿಸುತ್ತೇವೆ ಎಂದು ಸಾತೋ-ಸಾನ್ ಸಮಾಧಾನ ಹೇಳಿದರು. ಅರಿಗಾತೋ ಎಂದೆ. ಫೋನ್ ಇಟ್ಟ ಮೇಲೆ ಹೊಳೆಯಿತು: ಪೊಲೀಸರು ಹೋಗುವ ಹೊತ್ತಿಗೆ ಕುರೋಡಾ ಈಗ ನನ್ನ ಹೆಸರಿನಲ್ಲಿ ದುಡಿಯುತ್ತಿರುವವಳನ್ನು ಬೇರೆ ಕಡೆ, ಬೇರೆ ಹೆಸರಿಗೆ ಸಾಗಿಸಿರುತ್ತಾನೆ. ಅಲ್ಲೂ ಈಗ ಸೋಂಕು ಏರುತ್ತಿದೆಯಂತೆ. ನಾನು ಬರುವ ಶನಿವಾರ ನಗೋಯಾಕ್ಕೆ ಹೋಗುತ್ತಿದ್ದೇನೆ. ತಡೆಯಬೇಡಿ.

ಪ್ರಣತಿ


ಕೋಬೆ
೧೫ ಫೆಬ್ರವರಿ ೨೦೨೨

ಪ್ರಣತಿ,

ಯಾರು ತಡೆದರು? ಶನಿವಾರಕ್ಕೆ ನಾನೂ ಟಿಕೆಟ್ ತೆಗೆಸಿದ್ದೇನೆ. ನಗೋಯಾ ನನಗೆ ನಿನಗಿಂತ ಹತ್ತಿರ. ಶಿಂಕಾನ್ಸೆನ್ ರೈಲಿನ ಗೇಟಿನ ಬಳಿ ಕಾದಿರುತ್ತೇನೆ. ಆ ಊರಿನಲ್ಲಿ ಇಂಜಿನಿಯರಾಗಿರುವ ಕಿಶೋರ್ ಎಂಬ ನಮ್ಮ ಪರಿಚಯದ ಹುಡುಗ ಕಾರು ತರುತ್ತಾನೆ. ನೇಪಾಳಿಯೋ ಸಿಂಹಳವೋ ಬಲ್ಲವರು ಬೇಕಾದರೆ ಗೊತ್ತುಮಾಡುತ್ತೇನೆ ಎಂದಿದ್ದಾನೆ. ಕೆಲಸಗಾರರ ಪರ ನಿಲ್ಲುವ ವಕೀಲರೊಬ್ಬರಿಗೂ ಬರೆದಿದ್ದೇನೆ.

ಒಂದು ಮಾತು. ಗೇಟಿನಲ್ಲಿ ನಿನ್ನ ಕಾರ್ಡ್ ತೋರಿಸಬೇಡ, ಹೆಸರನ್ನೂ ಹೇಳಬೇಡ. ಆ ಹೆಸರು ಕೇಳಿದರೆ ಅವಳು ಹಿಂದಿನ ಬಾಗಿಲಿಂದ ಓಡಿಬಿಡುತ್ತಾಳೆ. ಪಾಳಿ ಬಿಡುವವರೆಗೆ ಹೊರಗೇ ನಿಲ್ಲೋಣ; ಜೊತೆಯವರು ಪ್ರಣತಿ ಎಂದು ಕರೆಯುವವಳೇ ಅವಳು. ಅವಳು ಬಂದಾಗ ಮೊದಲು ಊಟವಾಯಿತಾ ಎಂದು ಕೇಳು. ಆಮೇಲೆ ಅವಳ ಹೆಸರೇನು ಎಂದು ಕೇಳು.

ಬೆಚ್ಚಗಿನ ಬಟ್ಟೆ ತೊಟ್ಟುಕೊಂಡು ಬಾ.

ನಿನ್ನ
ಇಂದಿರತ್ತೆ